ಉಪ್ಪು ಸೋಕಿದ ದ್ರಾಕ್ಷಾರಸ: ಮೆಕ್ಸಿಕೊ ವೈನಿನ ಐದು ಶತಮಾನ

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಕೆಂಪು ವೈನು ಕುಡಿದವರಲ್ಲಿ ಅನೇಕರು ಎರಡನೇ ಗುಟುಕಿಗೇ ಹುಬ್ಬೇರಿಸುತ್ತಾರೆ. ಮಾಗಿದ ಹಣ್ಣಿನ ಪರಿಮಳ ಸರಿ, ಸಿಪ್ಪೆಯ ಒಗರೂ ಸರಿ. ಅದೆಲ್ಲ ಇಳಿದ ಮೇಲೆ ನಾಲಗೆಯ ಅಂಚಿನಲ್ಲಿ ಉಳಿಯುವ ಈ ಉಪ್ಪು ಎಲ್ಲಿಂದ ಬಂತು? ಫ್ರಾನ್ಸಿನ ಬೋರ್ದೊ ವೈನಿನ ಅಳತೆಗೋಲು ಹಿಡಿದವರಿಗೆ ಅದು ದೋಷ. ನನಗೆ ಅದು ಆ ನೆಲದ ಜಾತಕದಂತೆ ಕಾಣುತ್ತದೆ. ಮೆಕ್ಸಿಕೊದ ವೈನನ್ನು ಸವಿಯುವವರು ಆ ಜಾತಕವನ್ನು ತುಸು ಓದಿಕೊಂಡಿದ್ದರೆ ಒಳ್ಳೆಯದು. ಅಮೆರಿಕ ಖಂಡಗಳಲ್ಲೇ ಬಹು ಹಳೆಯದಾದ ಈ ವೈನು ತನ್ನದೇ ರುಚಿಯನ್ನು ಕಂಡುಕೊಂಡಿದ್ದು ಕಳೆದ 40 ವರ್ಷಗಳಲ್ಲಿ.

ಮೊದಲ ಬಳ್ಳಿಗಳನ್ನು ನೆಟ್ಟಿದ್ದು ಆಜ್ಞೆಯ ಮೇಲೆ. ಮೆಕ್ಸಿಕೊವನ್ನು ಗೆದ್ದ ಹೆರ್ನಾನ್ ಕೋರ್ತೆಸ್ 1524ರಲ್ಲಿ, ಭೂಮಿ ಪಡೆದ ಸ್ಪೇನಿನವರು ತಮ್ಮ ಅಧೀನದ ಪ್ರತಿ 100 ಮೂಲನಿವಾಸಿಗಳಿಗೆ 1000 ಬಳ್ಳಿಯಂತೆ ನೆಡಬೇಕೆಂದು ವಿಧಿಸಿದ. ಚರ್ಚಿನ ಪೂಜೆಗೆ ವೈನು ಬೇಕಿತ್ತು, ಸ್ಪೇನಿನಿಂದ ಬರುವ ಹಡಗನ್ನು ಎಷ್ಟು ದಿನ ಕಾಯುವುದು? ಕಾಡುದ್ರಾಕ್ಷಿ ಅಲ್ಲಿ ಮೊದಲೇ ಇತ್ತು. ಆದರೆ ಊರಿದ್ದು ಸ್ಪೇನಿನ ತಳಿ, ಲಿಸ್ತಾನ್ ಪ್ರಿಯೆತೊ. ಪಾದ್ರಿಗಳ ಮಿಷನ್‌ಗಳ ಜೊತೆ ಹಬ್ಬಿದ ಕಾರಣ ಅದಕ್ಕೆ ಮಿಸಿಯೋನ್ ಎಂಬ ಹೆಸರೇ ನಿಂತಿತು. ಈ ಬಳ್ಳಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಉತ್ತರದ ಕೊವಾವಿಲಾ ಪ್ರಾಂತ್ಯದ ಪಾರ್ರಾಸ್ ಎಂಬ ಊರಿನ ಹೆಸರಿಗೆ ಅರ್ಥವೇ ದ್ರಾಕ್ಷಿಬಳ್ಳಿ. ಅಲ್ಲಿ 1597ರಲ್ಲಿ ಲೊರೆನ್ಸೊ ಗಾರ್ಸಿಯಾ ಎಂಬುವನಿಗೆ ದೊರೆ ಎರಡನೇ ಫಿಲಿಪ್ ವೈನು ಮಾಡಲು ಭೂಮಿ ಕೊಟ್ಟ. ಇಂದಿನ ಕಾಸಾ ಮದೇರೊ ಬೆಳೆದಿದ್ದು ಆ ತೋಟದಿಂದ. ಅಮೆರಿಕ ಖಂಡಗಳ ಅತ್ಯಂತ ಹಳೆಯ ವೈನರಿ ಅದು. 1893ರಲ್ಲಿ ಅದನ್ನು ಕೊಂಡ ಎವಾರಿಸ್ತೊ ಮದೇರೊನ ಮೊಮ್ಮಗನೇ ಮುಂದೆ ಮೆಕ್ಸಿಕೊ ಕ್ರಾಂತಿಯಲ್ಲಿ ಅಧ್ಯಕ್ಷನಾದ ಫ್ರಾನ್ಸಿಸ್ಕೊ ಮದೇರೊ.

ಕೊಟ್ಟ ಕೈಯೇ ಕಿತ್ತುಕೊಂಡಿತು. ವಸಾಹತಿನ ಬಳ್ಳಿ ಚೆನ್ನಾಗಿ ಹಬ್ಬಿದ್ದನ್ನು ಕಂಡು ಸ್ಪೇನಿನ ವೈನು ವರ್ತಕರು ಕಂಗಾಲಾದರು. ಹೊಸ ತೋಟಗಳಿಗೆ ನಿಷೇಧ ಬಂತು. 1699ರಲ್ಲಂತೂ ಚರ್ಚಿನ ಬಳಕೆಗೆ ಬಿಟ್ಟರೆ ಬೇರೆ ಯಾರೂ ವೈನು ಮಾಡಕೂಡದೆಂದು ಅರಮನೆ ಅಪ್ಪಣೆ ಹೊರಡಿಸಿತು. ಶತಮಾನದ ನಂತರ ದೊಲೊರೆಸ್ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ತನ್ನ ಬಡ ಜನರಿಗೆ ಜೀವನೋಪಾಯವಾಗಲೆಂದು ದ್ರಾಕ್ಷಿ, ಆಲಿವ್, ರೇಷ್ಮೆ ಬೆಳೆಸಲು ಕಲಿಸಿದ. ಅಧಿಕಾರಿಗಳು ಆ ಬಳ್ಳಿಗಳನ್ನು ಕೀಳಿಸಿದರು. 1810ರ ಸೆಪ್ಟೆಂಬರ್ 16ರಂದು ಚರ್ಚಿನ ಗಂಟೆ ಬಾರಿಸಿ ಸ್ವಾತಂತ್ರ್ಯ ಹೋರಾಟಕ್ಕೆ ಕರೆ ಕೊಟ್ಟವನು ಇದೇ ಪಾದ್ರಿ. ಇಂದು ಆ ಸೀಮೆಯಲ್ಲಿ, ಗ್ವಾನಹ್ವಾತೊ ಪ್ರಾಂತ್ಯದಲ್ಲಿ, ಮತ್ತೆ ಬಳ್ಳಿ ಹಬ್ಬಿದೆ.

ಬಾಹಾ ಪರ್ಯಾಯ ದ್ವೀಪದ ಕತೆಯಲ್ಲಿ ಬಂದುಹೋದವರೇ ಹೆಚ್ಚು. ಮೊದಲು ಜೆಸುಯಿಟ್ ಪಾದ್ರಿಗಳು, ನಂತರ ಡೊಮಿನಿಕನ್ನರು. 1791ರಲ್ಲಿ ಸಾಂತೊ ತೊಮಾಸ್ ಮಿಷನ್, 1834ರಲ್ಲಿ ಗ್ವಾದಲೂಪೆ ಮಿಷನ್. 1850ರ ದಶಕದ ಸುಧಾರಣಾ ಕಾನೂನುಗಳು ಚರ್ಚಿನ ಜಮೀನು ಕಸಿದವು. 1888ರಲ್ಲಿ ಹಳೆಯ ಮಿಷನ್ ನೆಲದಲ್ಲೇ ಬೊದೇಗಾಸ್ ದೆ ಸಾಂತೊ ತೊಮಾಸ್ ಎಂಬ ವೈನರಿ ಎದ್ದಿತು. 1905ರ ಸುಮಾರಿಗೆ ರಷ್ಯಾದಿಂದ ಮೊಲೊಕನ್ ಎಂಬ ಪಂಥದವರು ಗ್ವಾದಲೂಪೆ ಕಣಿವೆಗೆ ಬಂದರು. ಯುದ್ಧಕ್ಕೆ ಹೋಗಲೊಲ್ಲದ, ಉಪವಾಸದ ದಿನಗಳಲ್ಲೂ ಹಾಲು ಕುಡಿಯುತ್ತಿದ್ದುದಕ್ಕೆ ‘ಹಾಲು ಕುಡಿಯುವವರು’ ಎಂಬ ಹೆಸರು ಪಡೆದ ಜನ. ಗೋಧಿ ಬೆಳೆಯಲು ಬಂದ ಅವರು ದ್ರಾಕ್ಷಿಯನ್ನೂ ಬೆಳೆದರು. ಇಟಲಿಯಿಂದ ಬಂದ ಆಂಜೆಲೊ ಚೆತ್ತೊ 1928ರಲ್ಲಿ ವೈನಿನ ಉದ್ಯಮ ಆರಂಭಿಸಿದ, ಎಲ್.ಎ. ಚೆತ್ತೊ ಇಂದಿಗೂ ದೇಶದ ದೊಡ್ಡ ಹೆಸರು.

ಆದರೂ 20ನೇ ಶತಮಾನದ ನಡುವಿನ ದಶಕಗಳಲ್ಲಿ ಮೆಕ್ಸಿಕೊದ ದ್ರಾಕ್ಷಿಯ ಬಹುಪಾಲು ಹೋಗುತ್ತಿದ್ದುದು ಬ್ರಾಂದಿ ಭಟ್ಟಿಗೆ. ಕೆಜಿ ಲೆಕ್ಕದ ವ್ಯಾಪಾರದಲ್ಲಿ ರುಚಿಯನ್ನು ಕೇಳುವವರಿರಲಿಲ್ಲ. 1986ರಲ್ಲಿ ದೇಶ ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದಕ್ಕೆ ಸೇರಿತು, ಆಮದಿನ ಬಾಗಿಲು ತೆರೆಯಿತು, ಯುರೋಪಿನ ಅಗ್ಗದ ವೈನು ಒಳನುಗ್ಗಿತು. ಎಷ್ಟೋ ವೈನರಿಗಳು ಮುಚ್ಚಿದವು, ಬಳ್ಳಿಗಳನ್ನು ಕಿತ್ತರು.

ಆ ಹೊಡೆತದಲ್ಲೇ ಮರುಹುಟ್ಟು ಇತ್ತು. ಅಗ್ಗದಲ್ಲಿ ಯುರೋಪಿನೊಂದಿಗೆ ಸೆಣಸಲಾಗದು, ಸೆಣಸುವುದಾದರೆ ಗುಣದಲ್ಲಿ ಎಂದು ಕೆಲವರಿಗೆ ಹೊಳೆಯಿತು. 1987ರಲ್ಲಿ ಹಾನ್ಸ್ ಬಾಕಾಫ್ ಮತ್ತು ಗೆಳೆಯರು ಮೊಂತೆ ಶಾನಿಕ್ ಕಟ್ಟಿದರು. ಶಾನಿಕ್ ಎಂದರೆ ಕೋರಾ ಜನರ ನುಡಿಯಲ್ಲಿ ಮೊದಲ ಮಳೆಗೆ ಅರಳುವ ಹೂವು. ಸಾಂತೊ ತೊಮಾಸ್‌ನಲ್ಲಿ ದುಡಿದಿದ್ದ ಉಗೊ ದಕೋಸ್ತಾ 1997ರಲ್ಲಿ ಕಾಸಾ ದೆ ಪಿಯೆದ್ರಾ ಎಂಬ ಪುಟ್ಟ ವೈನರಿ ಆರಂಭಿಸಿದ.

ಅವನ ದೊಡ್ಡ ಕೆಲಸ ಬೇರೆಯೇ. 2004ರಲ್ಲಿ ಎಲ್ ಪೊರ್ವೆನಿರ್ ಹಳ್ಳಿಯಲ್ಲಿ ಅವನು ಒಂದು ಶಾಲೆ ತೆರೆದ. ಜನ ಅಕ್ಕರೆಯಿಂದ ಲಾ ಎಸ್ಕುಯೆಲಿತಾ, ಅಂದರೆ ಪುಟ್ಟಶಾಲೆ, ಎನ್ನುತ್ತಾರೆ. ಖಾಲಿ ಬಾಟಲಿಗಳಂಥ ಎಸೆದ ವಸ್ತುಗಳಿಂದಲೇ ಅದರ ಗೋಡೆಗಳು. ತಲೆತಲಾಂತರದಿಂದ ದ್ರಾಕ್ಷಿಯನ್ನು ತೂಕಕ್ಕೆ ಹಾಕಿ ಮಾರುತ್ತಿದ್ದ ರೈತ ಇಲ್ಲಿಗೆ ತನ್ನ ಬೆಳೆ ತಂದು, ತಾನೇ ತುಳಿದು, ಹುದುಗು ಬರಿಸಿ, ಪೀಪಾಯಿಗೆ ತುಂಬಿ ತನ್ನ ವೈನು ಮಾಡಿಕೊಳ್ಳಬಹುದಿತ್ತು. ಗ್ವಾದಲೂಪೆ ಕಣಿವೆಯಲ್ಲಿ ಬೆರಳೆಣಿಕೆಯಷ್ಟಿದ್ದ ವೈನರಿಗಳು ಇಂದು ನೂರನ್ನು ದಾಟಿದ್ದರೆ ಅದರ ಹಿಂದೆ ಈ ಶಾಲೆಯಿದೆ. ಉಗೊನ ಸಹೋದರ ಅಲೆಹಾಂದ್ರೊ ದಕೋಸ್ತಾ ವಾಸ್ತುಶಿಲ್ಪಿ. ವೆನಾ ಕಾವಾ ಎಂಬ ವೈನರಿಗೆ ಅವನು ಎನ್ಸೆನಾದಾ ಬಂದರಿನ ಹಳೆಯ ಮೀನು ದೋಣಿಗಳನ್ನು ಬೋರಲಾಗಿ ಹೊದಿಸಿ ಚಾವಣಿ ಮಾಡಿದ. ಪೀಪಾಯಿಗಳ ನಡುವೆ ನಿಂತು ತಲೆಯೆತ್ತಿದರೆ ಕಾಣುವುದು ದೋಣಿಯ ಹೊಟ್ಟೆ.

ಇನ್ನು ಲೋಟಕ್ಕೆ ಬರೋಣ. ಇಟಲಿಯ ಪಿಯೆಮೊಂತೆಯಲ್ಲಿ ನೆಬ್ಬಿಯೋಲೊ ತಳಿಯ ವೈನಿನ ಬಣ್ಣ ತೆಳು ಇಟ್ಟಿಗೆಗೆಂಪು. ಬಾಹಾದಲ್ಲಿ ಅದೇ ಹೆಸರಿನದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಗಡುಸಾಗುತ್ತದೆ. ಇಂಥದಕ್ಕೆ ಇಂಥದನ್ನೇ ಬೆರೆಸಬೇಕೆಂಬ ಯುರೋಪಿನ ಬಿಗಿ ಕಟ್ಟಳೆ ಇಲ್ಲಿಲ್ಲ. ಸ್ಪೇನಿನ ತೆಂಪ್ರಾನಿಯೊ, ಫ್ರಾನ್ಸಿನ ಕ್ಯಾಬರ್ನೆ, ಇಟಲಿಯ ನೆಬ್ಬಿಯೋಲೊ ಒಂದೇ ಬಾಟಲಿಯಲ್ಲಿ ಸೇರಬಹುದು. ಪಾರ್ರಾಸ್ ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರ. ಹಗಲು ಸುಡುಬಿಸಿಲು, ರಾತ್ರಿ ಚಳಿ, ಹಾಗಾಗಿ ಹಣ್ಣಿನಲ್ಲಿ ಸಿಹಿಯೊಂದಿಗೆ ಹುಳಿಯೂ ಉಳಿಯುತ್ತದೆ. ಮಧ್ಯ ಮೆಕ್ಸಿಕೊದ ಕೆರೆತಾರೊ ಇನ್ನೂ ಎತ್ತರದಲ್ಲಿದೆ. ಅಲ್ಲಿ ಕಟಾವಿನ ಹೊತ್ತಿಗೇ ಮಳೆ ಹಿಡಿಯುವುದರಿಂದ ಹಣ್ಣನ್ನು ಬೇಗ ಕೊಯ್ಯುತ್ತಾರೆ. ಆ ಹುಳಿ ನೊರೆಯುಕ್ಕುವ ವೈನಿಗೆ ಹೇಳಿ ಮಾಡಿಸಿದಂತಿದೆ. ಸ್ಪೇನಿನ ಫ್ರೆಶೆನೆತ್ ಅಲ್ಲಿ ನೆಲೆಯೂರಿದ್ದು ಸುಮ್ಮನೆ ಅಲ್ಲ.

ಊಟದ ಜೊತೆ ಕುಡಿಯುವವರಿಗೆ ಒಂದು ಮಾತು. ಒಗರು, ಮದ್ಯಾಂಶ ಹೆಚ್ಚಿದ್ದಷ್ಟೂ ಬಾಯಲ್ಲಿ ಖಾರದ ಉರಿ ಏರುತ್ತದೆ. ಅದಕ್ಕೇ ಮೆಕ್ಸಿಕೊದ ಮೀನಿನ ತಾಕೊ, ಮೆಣಸಿನ ಸಾಲ್ಸಾಗಳಿಗೆ ಶೆನಿನ್ ಬ್ಲಾಂ ತಳಿಯ ತಣ್ಣನೆಯ ಬಿಳಿ ವೈನು ಒಳ್ಳೆಯ ಜೊತೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರ ಮೂಲ ಅದೇ ಮೆಕ್ಸಿಕೊ, ನಮ್ಮಲ್ಲಿಗೆ ಅವರು ಬಂದಿದ್ದು ಪೋರ್ಚುಗೀಸರ ಹಡಗೇರಿ, ಶೆನಿನ್ ಬ್ಲಾಂ ನಂದಿ ಬೆಟ್ಟದ ಸೀಮೆಯಲ್ಲೂ ಬೆಳೆಯುತ್ತದೆ. ಆದ್ದರಿಂದ ಈ ಜೋಡಿ ನಮ್ಮ ನಾಲಗೆಗೆ ಪರಕೀಯವೆನಿಸದು.

ಕಷ್ಟಗಳು ಉಳಿದಿವೆ. ವೈನಿನ ಮೇಲೆ ಕನಿಷ್ಠ 26.5% ವಿಶೇಷ ಸುಂಕ, ಅದರ ಮೇಲೆ 16% ಮೌಲ್ಯವರ್ಧಿತ ತೆರಿಗೆ. ಮೆಕ್ಸಿಕೊದವರು ಕುಡಿಯುವ ವೈನಿನಲ್ಲಿ ಹೆಚ್ಚಿನ ಪಾಲು ಇಂದಿಗೂ ಆಮದು. ಅದಕ್ಕಿಂತ ದೊಡ್ಡದು ನೀರಿನ ಪ್ರಶ್ನೆ. ಗ್ವಾದಲೂಪೆ ಕಣಿವೆಯಲ್ಲಿ ಮಳೆ ತೀರಾ ಕಡಿಮೆ. ನೆಲದಡಿಯ ಅದೇ ನೀರನ್ನು ತೋಟಗಳೂ ಹೀರುತ್ತವೆ, ಎನ್ಸೆನಾದಾ ನಗರವೂ ಹೀರುತ್ತದೆ. ತುಂಬುವುದಕ್ಕಿಂತ ತೆಗೆಯುವುದು ಹೆಚ್ಚಾಗಿ ಬಾವಿಗಳಲ್ಲಿ ಉಪ್ಪಿನಂಶ ಏರಿದೆ. ಮೊದಲು ಹೇಳಿದ ಆ ಉಪ್ಪಿನ ಒಂದು ಮೂಲ ಇದು. ದ್ರಾಕ್ಷಿ ತೋಟವಿದ್ದಲ್ಲಿ ಹೋಟೆಲು, ಮನೆಗಳು ಏಳುತ್ತಿರುವುದು ನೋವಿನ ಸಂಗತಿ.

ಈ ಹೊತ್ತಿನಲ್ಲಿ ಹಳೆಯ ಮಿಸಿಯೋನ್ ಮರಳಿದೆ. ಅಗ್ಗದ್ದೆಂದು ದಶಕಗಟ್ಟಲೆ ಮೂಲೆಗುಂಪಾಗಿದ್ದ ಈ ಬಳ್ಳಿ ಬಾವಿನೀರಿಲ್ಲದೆ ಬರೀ ಮಳೆಗೆ ಬದುಕಬಲ್ಲದು. ಕಂಬ, ತಂತಿಗಳ ಆಸರೆಯಿಲ್ಲದೆ ಗಿಡ್ಡ ಪೊದೆಯಂತೆ ನಿಲ್ಲಬಲ್ಲದು. ಬಾಹಾದ ತೆಕಾತೆಯಲ್ಲಿರುವ ಬೀಚಿ ವೈನರಿ ಇಂಥ ಹಳೆಯ ಪೊದೆಗಳ ಹಣ್ಣಿನಿಂದಲೇ ಹೆಸರು ಮಾಡಿದೆ. ಬಣ್ಣ ದಾಳಿಂಬೆ ರಸದಂತೆ ತೆಳು, ಒಗರು ಹಗುರ. ಮೆಕ್ಸಿಕೊದ ಅಂಗಡಿಯಲ್ಲೋ ವಿದೇಶದ ಹೋಟೆಲಿನಲ್ಲೋ ನಿಮಗೆ ಆಯ್ಕೆ ಸಿಕ್ಕರೆ ಮೊದಲು ಮಿಸಿಯೋನ್ ಕೇಳಿ, ನೀರಾವರಿಯಿಲ್ಲದ ತೋಟದ್ದೇ ಎಂದು ವಿಚಾರಿಸಿ, ಸ್ವಲ್ಪ ತಣ್ಣಗೆ ಮಾಡಿಸಿಕೊಂಡು ಕುಡಿಯಿರಿ. ನೀವು ಕೊಡುವ ಹಣ ಆ ಪೊದೆಗಳನ್ನು ಇನ್ನೂ ಕೀಳದೆ ಉಳಿಸಿಕೊಂಡಿರುವ ರೈತನಿಗೆ ತಲುಪಲಿ.