ದಾನದಿಂದ ಸಂಘಕ್ಕೆ: ರೈಫೈಸೆನ್ನನ ಗ್ರಾಮಸೇವೆ

ನೆರೆಯವನನ್ನು ಪ್ರೀತಿಸಬೇಕೆಂಬುದು ಕ್ರೈಸ್ತಧರ್ಮದ ಮುಖ್ಯ ವಿಧಿಯೆಂಬುದನ್ನು ಎಲ್ಲರೂ ಬಲ್ಲರು. ಆ ಪ್ರೀತಿಯು ದಾನವಾಗಿ ಕೈಯಿಂದ ಕೈಗೆ ಇಳಿಯಬೇಕೋ, ನೆರೆಯವರೆಲ್ಲರೂ ಒಬ್ಬರಿಗೊಬ್ಬರು ಹೊಣೆಯಾಗಿ ನಿಲ್ಲುವ ಸಂಘವಾಗಿ ರೂಪುಗೊಳ್ಳಬೇಕೋ ಎಂಬುದು ಮಾತ್ರ ಸುಲಭವಾಗಿ ತೀರುವ ಪ್ರಶ್ನೆಯಲ್ಲ. ಜರ್ಮನಿಯ ಹಳ್ಳಿಗಳಲ್ಲಿ ಈ ಪ್ರಶ್ನೆಯೊಡನೆ ಇಪ್ಪತ್ತು ವರ್ಷ ಹೆಣಗಿದ ಒಬ್ಬ ಅಧಿಕಾರಿಯ ಚರಿತ್ರೆಯನ್ನು ನಾವು ಈ ಹೊತ್ತು ನೋಡೋಣ.

ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸೆನ್ನನು 1818ರಲ್ಲಿ ಸೀಗ್ ನದಿಯ ದಡದ ಹಾಮ್ ಎಂಬ ಊರಿನಲ್ಲಿ ಹುಟ್ಟಿದನು. ಅವನು ಪಾದ್ರಿಯಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಸೈನ್ಯಕ್ಕೆ ಸೇರಿದವನು ಕಣ್ಣಿನ ರೋಗದ ದೆಸೆಯಿಂದ ಅದನ್ನು ಬಿಟ್ಟು, 1845ರಲ್ಲಿ ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೈಯರ್‌ಬುಷ್ ಗ್ರಾಮಗಳಿಗೆ ಮುಖ್ಯಾಧಿಕಾರಿಯಾಗಿ ಬಂದನು. ಹಿಂದಿನ ನಮ್ಮ ಪಟೇಲರ ಮತ್ತು ಶೇಕದಾರರ ಕೆಲಸಗಳೆರಡನ್ನೂ ಕೂಡಿಸಿದರೆ ಅವನ ಅಧಿಕಾರದ ಅಂದಾಜು ಸಿಕ್ಕೀತು.

ಅವನು ಬಂದ ಮರುವರ್ಷವೇ ಬೆಳೆ ಕೆಟ್ಟಿತು. 1846-47ರ ಚಳಿಗಾಲದಲ್ಲಿ ಬಡವರ ಮನೆಯಲ್ಲಿ ರೊಟ್ಟಿಯಿಲ್ಲ. ಸರ್ಕಾರದವರು ಹಿಟ್ಟನ್ನೇನೋ ಕಳುಹಿಸಿದರು; ಆದರೆ ನಗದು ಹಣಕ್ಕಲ್ಲದೆ ಕೊಡಕೂಡದೆಂದು ಕಟ್ಟಪ್ಪಣೆಯನ್ನೂ ಜೊತೆಗೆ ಕಳುಹಿಸಿದರು. ಹಸಿದವನಲ್ಲಿ ನಗದೆಲ್ಲಿ ಬಂದೀತು? ರೈಫೈಸೆನ್ನನು ಅಪ್ಪಣೆಯನ್ನು ಮೀರಿ ಹಿಟ್ಟನ್ನು ಸಾಲವಾಗಿ ಕೊಟ್ಟನು. ಉಳ್ಳವರಿಂದ ಹಣ ಕೂಡಿಸಿ, ಊರೊಟ್ಟಿನ ಒಲೆಯನ್ನು ಕಟ್ಟಿಸಿ, ಪೇಟೆಗಿಂತ ಬಹಳ ಅಗ್ಗವಾಗಿ ರೊಟ್ಟಿ ಸಿಗುವಂತೆ ಮಾಡಿದನು. ಇದು ದಾನವೇ ಸರಿ. ಆದರೆ ಪಡೆದವನು ಮುಂದೆ ತೀರಿಸಬಲ್ಲನೆಂಬ ನಂಬಿಕೆಯೂ ಇದರಲ್ಲಿತ್ತು.

1848ರಲ್ಲಿ ಫ್ಲಾಮರ್ಸ್‌ಫೆಲ್ಡಿಗೆ ವರ್ಗವಾದ ಮೇಲೆ ಅವನು ಬೇರೊಂದು ಕಷ್ಟವನ್ನು ಕಂಡನು. ಅಲ್ಲಿಯ ರೈತನ ಕೊಟ್ಟಿಗೆಯಲ್ಲಿದ್ದ ಹಸು ಎಷ್ಟೋ ವೇಳೆ ಅವನದಾಗಿರುತ್ತಿರಲಿಲ್ಲ. ವ್ಯಾಪಾರಿಯು ಹಸುವನ್ನು ಸಾಲದ ಮೇಲೆ ಕಟ್ಟಿಹೋಗುವನು. ಮೇವು ರೈತನದು, ಲಾಭ ವ್ಯಾಪಾರಿಯದು. ಕಂತು ತಪ್ಪಿದರೆ ಹಸುವೂ ಅವನದೇ. 1849ರಲ್ಲಿ ಸುಮಾರು 60 ಮಂದಿ ಅನುಕೂಲಸ್ಥರು ಸೇರಿ ಸಾಲಕ್ಕೆ ಹೊಣೆ ನಿಂತರು. ಸಂಘವು ದನಗಳನ್ನು ಕೊಂಡು ರೈತರಿಗೆ ಕಂತಿನ ಮೇಲೆ ಕೊಟ್ಟಿತು. ಆ ವ್ಯಾಪಾರಿಗಳಲ್ಲಿ ಹಲವರು ಯೆಹೂದ್ಯರು. ಆ ಜನಾಂಗವನ್ನೇ ದೂಷಿಸಿ ರೈಫೈಸೆನ್ನನು ಮುಂದೆ ಬರೆದದ್ದುಂಟು. ನೆರೆಯವನನ್ನು ಪ್ರೀತಿಸಬೇಕೆಂದವನ ಲೇಖನಿಗೆ ಅದು ತಕ್ಕುದಲ್ಲ. ಅವನನ್ನು ಹೊಗಳುವ ನಾವು ಅದನ್ನು ಮುಚ್ಚಿಡಲಾಗದು.

1854ರಲ್ಲಿ ಹೆಡ್ಡೆಸ್‌ಡೋರ್ಫಿನಲ್ಲಿ ಅವನು ಸ್ಥಾಪಿಸಿದ ಧರ್ಮಸಂಘದ ಉದ್ದೇಶಗಳು ಇನ್ನೂ ವಿಸ್ತಾರವಾಗಿದ್ದುವು: ದಿಕ್ಕಿಲ್ಲದ ಮಕ್ಕಳ ಪೋಷಣೆ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಉದ್ಯೋಗ, ಪುಸ್ತಕಭಂಡಾರ, ಜೊತೆಗೆ ರೈತರಿಗೆ ಸಾಲ. ಕಾಲಕ್ರಮದಲ್ಲಿ ಉಳಿದದ್ದು ಸಾಲವೊಂದೇ. ಅನುಕೂಲಸ್ಥರ ಉತ್ಸಾಹ ಇಳಿಯಿತು. ಪರರ ಸಾಲಕ್ಕೆ ತಮ್ಮ ಹೊಲಮನೆಗಳನ್ನು ಎಷ್ಟು ದಿನ ಒಡ್ಡಿಯಾರು? ಕಡೆಗೆ 1864ರಲ್ಲಿ, ಸಾಲ ಬೇಕಾದವನೇ ಸದಸ್ಯನಾಗಿ ಹೊಣೆಯನ್ನು ಹೊರಬೇಕೆಂದು ಸಂಘವನ್ನು ಹೊಸದಾಗಿ ಕಟ್ಟಬೇಕಾಯಿತು. ಇದೇ ಮಾತನ್ನು ಷುಲ್ಟ್ಸೆ-ಡೆಲಿಚ್ ಎಂಬ ನ್ಯಾಯಾಧಿಕಾರಿಯು ಪಟ್ಟಣದ ಕಸಬುದಾರರ ನಡುವೆ ಮೊದಲೇ ಹೇಳುತ್ತಿದ್ದನು. ರೈಫೈಸೆನ್ನನು ಅದಕ್ಕೆ ಒಪ್ಪಿದ್ದು ಮನಸ್ಸಿನಿಂದಲ್ಲ, ಅನುಭವದ ಒತ್ತಾಯದಿಂದ. ಹಾಗೆಂದು ಅವನ ಧರ್ಮವು ಸೋತಿತೆನ್ನುವವರೊಡನೆ ನಾವು ಒಪ್ಪಲಾರೆವು. ಅವನ ಸಂಘದ ಕಟ್ಟಳೆಗಳನ್ನು ನೋಡಿದರೆ ಅದು ತಿಳಿಯುತ್ತದೆ. ಸಂಘದ ಎಲ್ಲೆಯು ಒಂದು ಚರ್ಚಿನ ಒಕ್ಕಲಿನಷ್ಟೇ ಸಣ್ಣದಾಗಿರಬೇಕು. ಏಕೆಂದರೆ ಯಾರು ದುಡಿಯುವವನು, ಯಾರು ಕುಡಿಯುವವನು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಲೆಕ್ಕ ಬರೆಯುವವನಿಗಲ್ಲದೆ ಯಾರಿಗೂ ಸಂಬಳವಿಲ್ಲ. ಲಾಭವನ್ನು ಹಂಚಿಕೊಳ್ಳದೆ ಒಡೆಯಲಾಗದ ನಿಧಿಯಲ್ಲಿಡಬೇಕು. ಒಬ್ಬನು ತಪ್ಪಿದರೆ ಉಳಿದವರೆಲ್ಲರೂ ತಮ್ಮ ಸರ್ವಸ್ವದಿಂದ ತೀರಿಸಬೇಕು. ಲಾಭದ ಆಸೆಯೊಂದರಿಂದಲೇ ಇಂಥ ಕಟ್ಟಳೆಗೆ ಕೈಹಾಕಿದವರುಂಟೆ?

ಕಣ್ಣು ಬಹುಮಟ್ಟಿಗೆ ಹೋದ ಮೇಲೆ ಅವನು ಮಗಳು ಅಮಾಲಿಯ ನೆರವಿನಿಂದ ಕೆಲಸ ನಡೆಸಿದನು. 1866ರಲ್ಲಿ ಅವನ ಗ್ರಂಥವು ಹೊರಬಂದಿತು. 1888ರಲ್ಲಿ ಅವನು ತೀರಿಕೊಂಡನು.

ಅವನ ಮಾತು ನಮ್ಮ ದೇಶಕ್ಕೆ ಬಂದದ್ದು ಪಾದ್ರಿಗಳ ಮೂಲಕವಲ್ಲ, ಸರ್ಕಾರದ ಕಡತಗಳ ಮೂಲಕ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನು ಒಪ್ಪಿಸಿ, ರೈಫೈಸೆನ್ನನಂಥವರನ್ನು ಹುಡುಕಿರೆಂದು ಸೂಚಿಸಿದರು. 1904ರಲ್ಲಿ ಬ್ರಿಟಿಷ್ ಇಂಡಿಯಕ್ಕೆ ಸಹಕಾರ ಸಾಲಸಂಘಗಳ ಕಾಯಿದೆ ಬಂದಿತು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಪ್ರತ್ಯೇಕ ರೆಗ್ಯುಲೇಷನ್ ಆಯಿತು. ಅದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಾಲಸಂಘವೊಂದು ಹುಟ್ಟಿತು. ವೆಸ್ಟರ್‌ವಾಲ್ಡಿನ ಚರ್ಚನ್ನಾಗಲಿ ಪಾದ್ರಿಯನ್ನಾಗಲಿ ಅಲ್ಲಿಯವರು ಕಂಡವರಲ್ಲ. ಆದರೂ ನೆರೆಯವನ ಸಾಲಕ್ಕೆ ಹೊಣೆ ನಿಲ್ಲುವುದೆಂದರೇನೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.