ಮುಳಬಾಗಿಲನ್ನು ಯಾವಾಗ ಕೈಬಿಡಬಹುದು?

ಕೋಲಾರ ಜಿಲ್ಲೆಯ ಆರು ತಾಲ್ಲೂಕು ಕೇಂದ್ರಗಳನ್ನು ಒಂದು ಹಾಳೆಯ ಮೇಲೆ ಆರು ಚುಕ್ಕಿಗಳಾಗಿ ಇಡಿ. ನೇರ ರೈಲು ಹಳಿ ಇರುವ ಊರುಗಳ ನಡುವೆ ಗೆರೆ ಎಳೆಯಿರಿ. ನಡುವಿನ ಸಣ್ಣ ನಿಲ್ದಾಣಗಳು ಸದ್ಯಕ್ಕೆ ಬೇಡ. ಮಾಲೂರು, ಕೋಲಾರ, ಕೆಜಿಎಫ್ ಮೂರೂ ಬಂಗಾರಪೇಟೆಗೆ ಕೂಡುತ್ತವೆ. ಕೋಲಾರದಿಂದ ಇನ್ನೊಂದು ಗೆರೆ ಶ್ರೀನಿವಾಸಪುರಕ್ಕೆ. ಮುಳಬಾಗಿಲಿಗೆ ರೈಲಿಲ್ಲ, ಅದು ಒಂಟಿ ಚುಕ್ಕಿ. ಇಂಥ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎಂದು ಹೆಸರು.

ಚುಕ್ಕಿಯೊಂದನ್ನು ತೆಗೆದರೆ ಅದಕ್ಕಂಟಿದ ಗೆರೆಗಳೂ ಹೋಗುತ್ತವೆ. ಎರಡೇ ಚುಕ್ಕಿ ತೆಗೆದು ಎಲ್ಲ ಗೆರೆಗಳನ್ನೂ ಅಳಿಸಬಹುದೇ? ನಾನು ಸಂಶೋಧನೆಗೆ ಆರಿಸಿಕೊಂಡ ಸಮಸ್ಯೆಗಳ ಕುಟುಂಬದಲ್ಲಿ ಇದು ಸರಳವಾದದ್ದು. ಹೆಸರು ವರ್ಟೆಕ್ಸ್ ಕವರ್. ಒಂದಕ್ಕೊಂದು ಹೊಂದದ ಮಾಹಿತಿಗಳ ನಡುವೆ ಗೆರೆ ಎಳೆದರೆ, ಕನಿಷ್ಠ ಎಷ್ಟನ್ನು ತೆಗೆದರೆ ಉಳಿದವು ಹೊಂದುತ್ತವೆ ಎಂಬ ಪ್ರಶ್ನೆಯೂ ಇದೇ ಆಗುತ್ತದೆ. ಆರು ಊರಿಗೆ ಕಣ್ಣಳತೆ ಸಾಕು. ಲಕ್ಷ ಚುಕ್ಕಿಗಳಿಗೆ ಸಾಲದು. 1972ರಲ್ಲಿ ರಿಚರ್ಡ್ ಕಾರ್ಪ್ ಕಠಿಣವೆಂದು ತೋರಿಸಿದ 21 ಸಮಸ್ಯೆಗಳಲ್ಲಿ ಇದೂ ಒಂದು. ಎಲ್ಲ ಗ್ರಾಫ್‌ಗಳಿಗೂ ಒದಗುವ ವೇಗದ ವಿಧಾನ ಇಂದಿಗೂ ಸಿಕ್ಕಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ಬೇಡದ್ದನ್ನು ತೆಗೆದುಹಾಕುವುದು ಹಳೆಯ ರೂಢಿ. ಆದರೆ ಎಷ್ಟು ತೆಗೆಯಬಹುದೆಂದು ಭರವಸೆ ಕೊಡುವುದು ಕಷ್ಟ. ಪ್ರತಿಯೊಂದು ಗ್ರಾಫನ್ನೂ ಬೇಗನೆ ಕುಗ್ಗಿಸುವ ವಿಧಾನವಿದ್ದರೆ, ಅದನ್ನೇ ಮತ್ತೆಮತ್ತೆ ಬಳಸಿ ಸಮಸ್ಯೆಯನ್ನೇ ಬಿಡಿಸಿಬಿಡಬಹುದಿತ್ತಲ್ಲ! ಗ್ರಾಫಿನ ಗಾತ್ರವನ್ನು ಬಿಟ್ಟು, ಎಷ್ಟು ಚುಕ್ಕಿ ತೆಗೆಯಲು ಅನುಮತಿಯಿದೆ ಎಂಬ ಸಂಖ್ಯೆಯಿಂದ ಅಳೆದಾಗ ದಾರಿ ತೆರೆಯಿತು. ಆ ಸಂಖ್ಯೆಯನ್ನು ಕೆ ಎನ್ನೋಣ. ಜೊನಾಥನ್ ಬಸ್ ಮತ್ತು ಜೂಡಿ ಗೋಲ್ಡ್‌ಸ್ಮಿತ್ ಅವರ 1993ರ ಲೇಖನದಲ್ಲಿರುವ ನಿಯಮ ತೀರಾ ಸರಳ: ಕೆಗಿಂತ ಹೆಚ್ಚು ಗೆರೆಗಳಿರುವ ಚುಕ್ಕಿಯನ್ನು ತೆಗೆಯಲೇಬೇಕು.

ನಮ್ಮಲ್ಲಿ ಕೆ ಎಂದರೆ 2. ಬಂಗಾರಪೇಟೆಗೆ ಮೂರು ಗೆರೆ. ಅದನ್ನು ಉಳಿಸಿಕೊಂಡರೆ ಆಚೆ ತುದಿಯ ಮೂರೂ ಊರುಗಳನ್ನು ತೆಗೆಯಬೇಕು, ಅಷ್ಟು ಅನುಮತಿಯಿಲ್ಲ. ಹಾಗಾಗಿ ಬಂಗಾರಪೇಟೆ ಹೋಯಿತು. ಮಾಲೂರು, ಕೆಜಿಎಫ್ ಕೂಡ ಮುಳಬಾಗಿಲಿನಂತೆ ಒಂಟಿಯಾದವು; ಮೂರನ್ನೂ ಕೈಬಿಡಬಹುದು. ಉಳಿದದ್ದು ಕೋಲಾರ–ಶ್ರೀನಿವಾಸಪುರದ ಒಂದೇ ಗೆರೆ, ತೆಗೆಯಲು ಒಂದೇ ಅವಕಾಶ. ಯಾವ ತುದಿಯಾದರೂ ಸರಿ. ಹೀಗೆ ಉಳಿಯುವ ತಿರುಳಿಗೇ ಕರ್ನಲ್ ಎಂಬ ಹೆಸರು. ಮೂಲ ಗ್ರಾಫ್ ಎಷ್ಟೇ ದೊಡ್ಡದಿರಲಿ, ತಿರುಳಿನಲ್ಲಿ ಕೆಯ ವರ್ಗಕ್ಕಿಂತ ಹೆಚ್ಚು ಗೆರೆಗಳಿದ್ದರೆ ಉತ್ತರ ‘ಇಲ್ಲ’ ಎಂದೇ ಅರ್ಥ.

ಜಾರ್ಜ್ ನೆಮ್‌ಹೌಸರ್ ಮತ್ತು ಲೆಸ್ಲಿ ಟ್ರಾಟರ್ 1975ರಲ್ಲೇ ಸಾಧಿಸಿದ್ದ ಪ್ರಮೇಯವೊಂದರಿಂದ ಚುಕ್ಕಿಗಳನ್ನು ಕೆಯ ಎರಡರಷ್ಟಕ್ಕೆ ಇಳಿಸಬಹುದೆಂದು ಆಮೇಲೆ ತಿಳಿಯಿತು. ಕುಗ್ಗಿಸುವುದಕ್ಕೂ ಒಂದು ಮಿತಿಯಿದೆ ಎಂಬುದಕ್ಕೆ 2010ರಲ್ಲಿ ಹೋಲ್ಗರ್ ಡೆಲ್ ಮತ್ತು ಡೀಟರ್ ವಾನ್ ಮೆಲ್ಕೆಬೀಕ್ ಬಲವಾದ ಆಧಾರ ಕೊಟ್ಟರು. 2019ರಲ್ಲಿ ಇದಕ್ಕೆಂದೇ ಬಂದ ದೊಡ್ಡ ಗ್ರಂಥದ ನಾಲ್ವರು ಲೇಖಕರಲ್ಲಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಸಾಕೇತ್ ಸೌರಭ್ ಒಬ್ಬರು.

ಈ ಚರಿತ್ರೆಯಲ್ಲಿ ಮತ್ತೆಮತ್ತೆ ಬರುವ ಮಾತು ‘ಸುರಕ್ಷಿತ’. ಏನನ್ನು ಬಿಟ್ಟರೂ ಉತ್ತರ ಬದಲಾಗಬಾರದು. ಅದಕ್ಕೆ ಸಾಧನೆ ಬೇಕು. ಆದರೆ ಆ ಸಾಧನೆಯ ಕೆಲಸ ಶುರುವಾಗುವುದು ಗೆರೆ ಎಳೆದಾದ ಮೇಲೆ. ಮುಳಬಾಗಿಲನ್ನು ಕೈಬಿಟ್ಟದ್ದು ರೈಲಿನ ಪ್ರಶ್ನೆಗೆ ಮಾತ್ರ ಸರಿ. ಹಳಿಯ ಬದಲು ರಸ್ತೆಗಳನ್ನು ಎಳೆಯಿರಿ: ಹೆದ್ದಾರಿ ಅದನ್ನು ಕೋಲಾರಕ್ಕೆ ಕೂಡಿಸುತ್ತದೆ, ಇನ್ನೊಂದು ರಸ್ತೆ ಶ್ರೀನಿವಾಸಪುರಕ್ಕೆ. ಮೂರೂ ಊರು ಸೇರಿ ತ್ರಿಕೋನವಾಗುತ್ತದೆ. ಒಂದೇ ಊರನ್ನು ತೆಗೆದು ಆ ತ್ರಿಕೋನದ ಮೂರೂ ಗೆರೆಗಳನ್ನು ಅಳಿಸಲಾಗದು. ಎಳೆಯಬೇಕಾದ ಗೆರೆ ಹಳಿಯದೋ ರಸ್ತೆಯದೋ ಎಂಬುದನ್ನು ಯಾವ ಅಲ್ಗಾರಿದಮ್ಮೂ ಹೇಳುವುದಿಲ್ಲ. ಅದನ್ನು ಪ್ರಶ್ನೆ ಕೇಳುವವರೇ ತೀರ್ಮಾನಿಸಬೇಕು.