ಮಧ್ಯಕಿವಿಯ ಉರಿಯೂತ: ಪತ್ತೆಗೆ ಬೆಳಕಿನ ನೆರವು

ನೆಗಡಿಯ ಬೆನ್ನಿಗೇ ಮಕ್ಕಳನ್ನು ಕಾಡುವ ಕಿವಿನೋವಿಗೆ ಅನೇಕ ವೇಳೆ ಮಧ್ಯಕಿವಿಯ ಉರಿಯೂತವೇ ಕಾರಣ. ಮೂಗಿನ ಹಿಂಭಾಗವನ್ನು ಮಧ್ಯಕಿವಿಗೆ ಜೋಡಿಸುವ ಯುಸ್ಟೇಶಿಯನ್ ನಾಳವು ಮಕ್ಕಳಲ್ಲಿ ಗಿಡ್ಡದಾಗಿದ್ದು, ಹೆಚ್ಚು ಅಡ್ಡಲಾಗಿರುವುದರಿಂದ ಸೋಂಕು ಸುಲಭವಾಗಿ ಒಳಸೇರುತ್ತದೆ. ಕಿವಿ ಸೋರಿದರೆ ಪೋಷಕರು ಎಚ್ಚೆತ್ತುಕೊಳ್ಳುತ್ತಾರೆ. ಆದರೆ ತಮಟೆಯ ಹಿಂದೆ ದ್ರವ ನಿಂತು, ನೋವಾಗಲಿ ಸೋರಿಕೆಯಾಗಲಿ ಇಲ್ಲದೆ ಶ್ರವಣಶಕ್ತಿ ಮಾತ್ರ ಕುಗ್ಗುವುದೂ ಉಂಟು. ಅಂತಹ ಮಗು ಶಾಲೆಯಲ್ಲಿ ಗಮನವಿಲ್ಲದ ವಿದ್ಯಾರ್ಥಿ ಎನಿಸಿಕೊಳ್ಳುತ್ತದೆ. ತಮಟೆಯನ್ನು ಬೆಳಕಿನಲ್ಲಿ ನೋಡುವುದೇ ಪತ್ತೆಯ ಮೊದಲ ಹೆಜ್ಜೆ.

ಓಟೋಸ್ಕೋಪ್: ದೀಪ ಹಾಗೂ ಮಸೂರವುಳ್ಳ ಈ ಕೈ ಉಪಕರಣದಲ್ಲಿ ಆರೋಗ್ಯವಂತ ತಮಟೆಯು ಮುತ್ತಿನ ಬೂದುಬಣ್ಣದಲ್ಲಿ ಅರೆಪಾರದರ್ಶಕವಾಗಿ ಕಾಣುತ್ತದೆ. ತೀವ್ರ ಉರಿಯೂತದಲ್ಲಿ ಅದು ಕೆಂಪಾಗಿ ಹೊರಕ್ಕೆ ಉಬ್ಬಿರುತ್ತದೆ. ಅತ್ತ ಮಗುವಿನ ತಮಟೆಯೂ ಕೆಂಪಾಗಬಹುದಾದ್ದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ.

ಗಾಳಿಯೊತ್ತಡದ ಓಟೋಸ್ಕೋಪ್: ರಬ್ಬರ್ ಬುರುಡೆಯನ್ನು ಮೆಲ್ಲನೆ ಒತ್ತಿ ತಮಟೆಯ ಚಲನೆಯನ್ನು ಗಮನಿಸಲಾಗುತ್ತದೆ. ಹಿಂದೆ ದ್ರವವಿದ್ದರೆ ತಮಟೆ ಸರಿಯಾಗಿ ಅಲುಗದು.

ಎಂಡೋಸ್ಕೋಪ್, ವಿಡಿಯೋ ಓಟೋಸ್ಕೋಪ್: ಇವು ತಮಟೆಯ ಚಿತ್ರವನ್ನು ಪರದೆಯ ಮೇಲೆ ಮೂಡಿಸುತ್ತವೆ. ರಂಧ್ರದ ಗಾತ್ರವನ್ನು ದಾಖಲಿಸಿ, ಮುಂದಿನ ಭೇಟಿಯಲ್ಲಿ ಹೋಲಿಸಿ ನೋಡಬಹುದು.

ಹೊಸ ವಿಧಾನಗಳು: ಮಧ್ಯಕಿವಿಯ ದ್ರವವು ಅವಕೆಂಪು ಕಿರಣಗಳನ್ನು ಹೀರಿಕೊಂಡು ಕಪ್ಪಾಗಿ ಕಾಣುವ ಗುಣವನ್ನು ಬಳಸಿದ ಓಟೋಸ್ಕೋಪನ್ನು ಅಮೆರಿಕದ ಎಂಐಟಿ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಇಲಿನಾಯ್ ವಿಶ್ವವಿದ್ಯಾಲಯದ ತಂಡವು ಬೆಳಕಿನ ಪ್ರತಿಫಲನದಿಂದ ತಮಟೆಯ ಅಡ್ಡಸೀಳಿಕೆಯ ಚಿತ್ರ ಪಡೆದು, ಅದರ ಹಿಂದೆ ಅಂಟಿಕೊಂಡ ಬ್ಯಾಕ್ಟೀರಿಯಾ ಪದರವನ್ನು 2012ರಲ್ಲಿ ತೋರಿಸಿತು.

ಈ ಭಾಗಕ್ಕೆ ಏಕೆ ಮುಖ್ಯ?

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿಯ ಗ್ರಾಮಸ್ಥರಿಗೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆ ದೂರದ ಹಾದಿ. ಕೂಲಿ ಬಿಟ್ಟು ಮಗುವಿನೊಂದಿಗೆ ಒಂದು ದಿನ ಕಳೆಯಬೇಕು. ದುಬಾರಿ ಹೊಸ ಯಂತ್ರಗಳಿಗಿಂತ ಸಮೀಪದ ಆಸ್ಪತ್ರೆಯಲ್ಲಿ ಓಟೋಸ್ಕೋಪ್ ಬಳಕೆಯಾಗುವುದೇ ಇಲ್ಲಿ ಹೆಚ್ಚು ಉಪಯುಕ್ತ. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದ ಗುರಿಯೂ ರೋಗವನ್ನು ಬೇಗ ಗುರುತಿಸುವುದೇ ಆಗಿದೆ. ವಿಡಿಯೋ ಓಟೋಸ್ಕೋಪ್ ಇದ್ದೆಡೆ ಚಿತ್ರವನ್ನು ದೂರದ ತಜ್ಞರಿಗೆ ಕಳುಹಿಸಿ, ಯಾರು ರಾಯಚೂರಿಗೆ ಹೋಗಲೇಬೇಕೆಂದು ನಿರ್ಧರಿಸಬಹುದು.

ಪೋಷಕರ ಗಮನಕ್ಕೆ

ಕಿವಿನೋವಿಗೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ ಹಾಕುವುದು ಸಲ್ಲದು. ತಮಟೆ ತೂತಾಗಿದ್ದರೆ ಅದು ಒಳಕಿವಿಯತ್ತ ಸಾಗಿ ಹಾನಿ ಮಾಡಬಹುದು. ಹಾಕಿದ ಎಣ್ಣೆ ವೈದ್ಯರ ನೋಟಕ್ಕೂ ಅಡ್ಡಿ. ಕಿವಿ ಸೋರುವ ಮಕ್ಕಳು ಕಾಲುವೆ, ಕೆರೆಗಳಲ್ಲಿ ಈಜಬಾರದು. ಎರಡು ವಾರ ಮೀರಿದ ಸೋರಿಕೆ, ಕಿವಿಯ ಹಿಂಬದಿಯ ಬಾವು, ಮುಖ ವಕ್ರವಾಗುವುದು ಹಾಗೂ ಜ್ವರದೊಂದಿಗೆ ತೀವ್ರ ತಲೆನೋವು ಅಪಾಯದ ಸೂಚನೆಗಳು. ಇವುಗಳಲ್ಲಿ ಯಾವುದೇ ಕಂಡುಬಂದಲ್ಲಿ ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು.